ಪೆನ್ಸಿಲ್ವೇನಿಯಾದಲ್ಲಿ ನನ್ನ ಮೊದಲ ಮತ

2023ರ ಡಿಸೆಂಬರ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ಅಮೆರಿಕದ ಪೌರನಾಗಿ ಪ್ರಮಾಣವಚನ ಸ್ವೀಕರಿಸಿ ಸಭಾಂಗಣದಿಂದ ಹೊರಬಂದಾಗ, ಬಾಗಿಲ ಬಳಿ ಮೇಜು ಹಾಕಿಕೊಂಡು ಕುಳಿತಿದ್ದ ಇಬ್ಬರು ವಯಸ್ಸಾದ ಹೆಂಗಸರು ಮತದಾರರ ನೋಂದಣಿ ಅರ್ಜಿಯನ್ನು ನನ್ನ ಕೈಗಿತ್ತರು. ಹೆಸರು, ವಿಳಾಸ, ಹುಟ್ಟಿದ ದಿನಾಂಕಗಳನ್ನು ತುಂಬಿದ ಮೇಲೆ 'ನಿಮ್ಮ ಪಕ್ಷ ಯಾವುದು' ಎಂಬ ಪ್ರಶ್ನೆ ಎದುರಾಯಿತು. ಮತವೆಂದರೆ ಗುಟ್ಟಿನದು ಎಂದು ಕೇಳುತ್ತಲೇ ಬೆಳೆದ ನನಗೆ, ಸರ್ಕಾರಿ ಕಾಗದದ ಮೇಲೆ ಪಕ್ಷದ ಹೆಸರನ್ನು ಬರೆದುಕೊಡುವುದು ಸರಿಯೆನಿಸಲಿಲ್ಲ. 'ಯಾವ ಪಕ್ಷವೂ ಇಲ್ಲ' ಎಂಬ ಚೌಕಕ್ಕೆ ಗುರುತು ಹಾಕಿ ಅರ್ಜಿಯನ್ನು ಹಿಂತಿರುಗಿಸಿದೆ. ಮುಂದಿನ ಹನ್ನೊಂದು ತಿಂಗಳು ನನ್ನನ್ನು ಕಾಡಿದ ಬಹುಪಾಲು ಸಂಗತಿಗಳು ಆ ಒಂದು ಗುರುತಿನಿಂದಲೇ ಹುಟ್ಟಿಕೊಂಡವು ಎಂದು ಈಗ ಅನ್ನಿಸುತ್ತದೆ.

ಅದಕ್ಕೂ ಮೊದಲು ನಾನು ಮತ ಹಾಕಿದ್ದು 1999ರಲ್ಲಿ, ಬಳ್ಳಾರಿಯ ಕೌಲ್ ಬಜಾರಿನಲ್ಲಿ. ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್ ಅವರು ನಮ್ಮ ಊರಿನಿಂದ ಲೋಕಸಭೆಗೆ ಸ್ಪರ್ಧಿಸಿದ ವರ್ಷ ಅದು. ದೆಹಲಿಯವರಿಗೆ ಬಳ್ಳಾರಿ ಎಲ್ಲಿದೆಯೆಂದು ತಿಳಿದದ್ದೇ ಆ ಸೆಪ್ಟೆಂಬರ್‌ನಲ್ಲಿ. ಸುಷ್ಮಾ ಅವರು ಕೆಲವೇ ದಿನಗಳಲ್ಲಿ ಕನ್ನಡ ಕಲಿತು ಭಾಷಣ ಮಾಡಿದರು. ಸೋನಿಯಾ ಅವರು ಸುಮಾರು 56 ಸಾವಿರ ಮತಗಳಿಂದ ಗೆದ್ದರು, ಅಮೇಠಿಯನ್ನು ಉಳಿಸಿಕೊಂಡು ಬಳ್ಳಾರಿಗೆ ರಾಜೀನಾಮೆ ಕೊಟ್ಟರು. ಸೋತವರು ಆಮೇಲೂ ಅನೇಕ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಬಳ್ಳಾರಿಗೆ ಬಂದು ಹೋಗುತ್ತಿದ್ದರು. ದೊಡ್ಡವರು ಬಂದರೆ ರಸ್ತೆಗೆ ಡಾಂಬರು ಬರುತ್ತದೆ, ನಲ್ಲಿಗೆ ನೀರು ಬರುವುದಿಲ್ಲ ಎಂದು ನಮ್ಮ ತಂದೆ ಆಗ ಹೇಳಿದ್ದರು. ಇಪ್ಪತ್ತೈದು ವರ್ಷಗಳ ನಂತರ ಭೂಮಿಯ ಇನ್ನೊಂದು ಮಗ್ಗುಲಲ್ಲಿ ಆ ಮಾತನ್ನು ಇಷ್ಟು ಸಲ ನೆನೆಯಬೇಕಾದೀತೆಂದು ನಾನು ಎಣಿಸಿರಲಿಲ್ಲ.

ನಾನು ಅಮೆರಿಕಕ್ಕೆ ಬಂದದ್ದು 2001ರಲ್ಲಿ. 2007ರ ಬೇಸಿಗೆಯಲ್ಲಿ, ಇಲ್ಲಿ ಕಾಯಂ ಆಗಿ ನೆಲೆಸಲು ಬೇಕಾದ ಗ್ರೀನ್ ಕಾರ್ಡಿನ ಸರದಿ ಕೆಲವು ವಾರಗಳ ಮಟ್ಟಿಗೆ ಎಲ್ಲರಿಗೂ ತೆರೆದುಕೊಂಡಿತ್ತು; ಆಗ ಅರ್ಜಿ ಹಾಕಿದವರಲ್ಲಿ ನಾನೂ ಒಬ್ಬ, ಹಾಗಾಗಿ ದಡ ಸೇರಿದೆ. ಪೌರತ್ವಕ್ಕೆ ಅರ್ಜಿ ಹಾಕಲು ಮಾತ್ರ ಬಹಳ ವರ್ಷ ಮನಸ್ಸು ಬರಲಿಲ್ಲ. ಭಾರತ ಇಬ್ಬಗೆಯ ಪೌರತ್ವವನ್ನು ಒಪ್ಪುವುದಿಲ್ಲವಾದ್ದರಿಂದ, ಬಳ್ಳಾರಿಯ ವಿಳಾಸವಿದ್ದ ಪಾಸ್‌ಪೋರ್ಟನ್ನು ರದ್ದತಿಯ ಮೊಹರಿಗಾಗಿ ಒಪ್ಪಿಸುವುದು ನನಗೆ ಸಣ್ಣ ಸಂಗತಿಯಾಗಿರಲಿಲ್ಲ. ಕೊನೆಗೆ ಮನಸ್ಸು ಗಟ್ಟಿ ಮಾಡಿಕೊಂಡಾಗ ನನ್ನನ್ನು ಪರೀಕ್ಷೆಗೆ ತಯಾರು ಮಾಡಿದವಳು ದಾವಣಗೆರೆಯ ಗೆಳೆಯನ ಮಗಳು. ಆಗ ಪೌರತ್ವದ ಸಂದರ್ಶನದಲ್ಲಿ ನೂರು ಪ್ರಶ್ನೆಗಳ ಪಟ್ಟಿಯಿಂದ ಹತ್ತನ್ನು ಕೇಳುತ್ತಿದ್ದರು, ಆರಕ್ಕೆ ಸರಿಯುತ್ತರ ಕೊಡಬೇಕಿತ್ತು. ಆರನೆಯ ವಯಸ್ಸಿನಲ್ಲಿ ಈ ದೇಶಕ್ಕೆ ಬಂದು ಇಲ್ಲಿಯ ಶಾಲೆಯಲ್ಲೇ ಓದಿದ ಆ ಹುಡುಗಿಗೆ ನೂರೂ ಬಾಯಿಪಾಠವಾಗಿದ್ದವು. "ಅಂಕಲ್, ಅಧ್ಯಕ್ಷರಿಗೆ ಯಾವ ತಿಂಗಳಲ್ಲಿ ಮತ ಹಾಕುತ್ತೇವೆ?" ಎಂದು ನಮ್ಮ ಅಡುಗೆಮನೆಯ ಮೇಜಿನ ಬಳಿ ಕುಳಿತು ಕೇಳುತ್ತಿದ್ದಳು. ನಾನು ನವೆಂಬರ್ ಎನ್ನುತ್ತಿದ್ದೆ. ಪ್ರಶ್ನೆಯಲ್ಲಿದ್ದ 'ಹಾಕುತ್ತೇವೆ' ಎಂಬ ಬಹುವಚನದೊಳಗೆ ಅವಳು ಇರಲಿಲ್ಲವೆಂಬುದು ಆಗ ನಮ್ಮಿಬ್ಬರಿಗೂ ತಟ್ಟಿರಲಿಲ್ಲ.

ನನ್ನ ಮೊದಲ ನಿರಾಸೆ ಏಪ್ರಿಲ್‌ನಲ್ಲೇ ಎದುರಾಯಿತು. ಪೆನ್ಸಿಲ್ವೇನಿಯಾದ ಪ್ರೈಮರಿ ಚುನಾವಣೆ 2024ರ ಏಪ್ರಿಲ್ 23ರಂದು ನಡೆಯಿತು. ಈ ರಾಜ್ಯದಲ್ಲಿ ಪಕ್ಷದ ಹೆಸರಿನಲ್ಲಿ ನೋಂದಾಯಿಸಿಕೊಂಡವರು ಮಾತ್ರ ಆ ಪಕ್ಷದ ಅಭ್ಯರ್ಥಿಯನ್ನು ಆರಿಸಬಹುದು. ನನಗೆ ಪಕ್ಷವಿಲ್ಲದ್ದರಿಂದ ನನಗೆ ಅಲ್ಲಿ ಕೆಲಸವೂ ಇರಲಿಲ್ಲ. ಅವಕಾಶವಿದ್ದಿದ್ದರೂ ಆಗುವುದೇನೂ ಉಳಿದಿರಲಿಲ್ಲ. ಜನವರಿ 15ರಂದು ಅಯೋವಾದಲ್ಲಿ ಶುರುವಾದ ಸರಣಿಯಲ್ಲಿ ಬೈಡನ್ ಮತ್ತು ಟ್ರಂಪ್ ಇಬ್ಬರೂ ತಮಗೆ ಬೇಕಾದಷ್ಟು ಪ್ರತಿನಿಧಿಗಳನ್ನು ಮಾರ್ಚ್ 12ಕ್ಕೇ ಗಳಿಸಿಕೊಂಡಿದ್ದರು, ರಿಪಬ್ಲಿಕನ್ ಪಕ್ಷದಲ್ಲಿ ಟ್ರಂಪ್ ಎದುರು ನಿಂತಿದ್ದ ನಿಕ್ಕಿ ಹೇಲಿ ಅವರು ಮಾರ್ಚ್ 6ಕ್ಕೇ ಕಣದಿಂದ ಹಿಂದೆ ಸರಿದಿದ್ದರು. ಕಣದಲ್ಲಿಲ್ಲದ ಹೇಲಿ ಅವರಿಗೆ ನಮ್ಮ ರಾಜ್ಯದ ರಿಪಬ್ಲಿಕನ್ನರು ಒಂದೂವರೆ ಲಕ್ಷಕ್ಕೂ ಹೆಚ್ಚು ಮತ ಹಾಕಿದರು. ಆ ಸುದ್ದಿಯನ್ನು ಓದಿದಾಗ, ನನ್ನಂತೆಯೇ ಗೊಣಗುವವರು ಪಕ್ಷದ ಒಳಗೂ ಇದ್ದಾರೆಂದು ತುಸು ಸಮಾಧಾನವಾಯಿತು.

ಆ ಬೇಸಿಗೆಯಲ್ಲಿ ನಡೆದದ್ದನ್ನು ಓದುಗರು ಬಲ್ಲರು. ಜೂನ್ 27ರಂದು ಅಟ್ಲಾಂಟಾದ ಚರ್ಚೆಯಲ್ಲಿ ಬೈಡನ್ ತಡವರಿಸಿದರು. ಜುಲೈ 13ರಂದು ನಮ್ಮದೇ ರಾಜ್ಯದ ಬಟ್ಲರ್‌ನಲ್ಲಿ ಟ್ರಂಪ್ ಮೇಲೆ ಗುಂಡು ಹಾರಿತು. ಜುಲೈ 21ರಂದು ಬೈಡನ್ ಸ್ಪರ್ಧೆಯಿಂದ ಹಿಂದೆ ಸರಿದರು. ಆಗಸ್ಟ್ ಮೊದಲ ವಾರದಲ್ಲಿ ಅವರ ಡೆಮಾಕ್ರಟಿಕ್ ಪಕ್ಷದ ಪ್ರತಿನಿಧಿಗಳು ಆನ್‌ಲೈನ್ ಮೂಲಕವೇ ಮತ ಚಲಾಯಿಸಿ ಕಮಲಾ ಹ್ಯಾರಿಸ್ ಅವರನ್ನು ಅಭ್ಯರ್ಥಿಯಾಗಿಸಿದರು. ಒಂದು ಪಕ್ಷದ ಅಭ್ಯರ್ಥಿ ಪ್ರೈಮರಿಯ ಒಂದು ಚರ್ಚೆಗೂ ಬಾರದೆ ಗೆದ್ದಿದ್ದರು, ಇನ್ನೊಂದು ಪಕ್ಷದ ಅಭ್ಯರ್ಥಿಯನ್ನು ಪ್ರೈಮರಿಯ ಮತದಾರರು ಆರಿಸಿರಲೇ ಇಲ್ಲ. ಮದುವೆಗೆ ಮುಂಚೆ ಗಂಡನ್ನು ನೋಡುವ ಶಾಸ್ತ್ರವಿಲ್ಲದಿದ್ದರೂ, ಊಟಕ್ಕೆ ಮಾತ್ರ ಎಲ್ಲರೂ ಬರಲೇಬೇಕೆಂಬ ಕರೆಯೋಲೆ ಸೆಪ್ಟೆಂಬರ್‌ನಿಂದ ಶುರುವಾಯಿತು.

ಈ ಕರೆಯೋಲೆಯ ತೀವ್ರತೆ ಹೊರಗಿನವರಿಗೆ ಅರ್ಥವಾಗುವುದು ಕಷ್ಟ. ಅಮೆರಿಕದ ಅಧ್ಯಕ್ಷರನ್ನು ಜನರ ಒಟ್ಟು ಮತಗಳು ತೀರ್ಮಾನಿಸುವುದಿಲ್ಲ. 538 ಎಲೆಕ್ಟೋರಲ್ ಮತಗಳಲ್ಲಿ 270 ಪಡೆದವರು ಗೆಲ್ಲುತ್ತಾರೆ, ಬಹುತೇಕ ರಾಜ್ಯಗಳಲ್ಲಿ ಒಂದು ಮತ ಹೆಚ್ಚು ಪಡೆದವರಿಗೆ ಆ ರಾಜ್ಯದ ಪಾಲೆಲ್ಲ ಹೋಗುತ್ತದೆ. ಪೆನ್ಸಿಲ್ವೇನಿಯಾದ ಪಾಲು 19. 2016ರಲ್ಲಿ ಟ್ರಂಪ್ ಇಲ್ಲಿ ಸುಮಾರು 44 ಸಾವಿರ ಮತಗಳಿಂದ ಗೆದ್ದರು, 2020ರಲ್ಲಿ ಬೈಡನ್ ಸುಮಾರು 80 ಸಾವಿರದಿಂದ ಗೆದ್ದರು. ಅರವತ್ತು ಎಪ್ಪತ್ತು ಲಕ್ಷ ಮತಗಳು ಬೀಳುವ ರಾಜ್ಯದಲ್ಲಿ ಇದು ಕೂದಲೆಳೆಯ ಅಂತರ. ನಮ್ಮಣ್ಣ ಇರುವುದು ಪಕ್ಕದ ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ನಮ್ಮ ಮನೆಯಿಂದ ಒಂದೂವರೆ ಗಂಟೆಯ ದಾರಿ. ಅವನಿಗೆ ಆ ಇಡೀ ಚುನಾವಣೆಯಲ್ಲಿ ಅಧ್ಯಕ್ಷ ಸ್ಥಾನದ ಒಂದೇ ಒಂದು ಕರಪತ್ರವೂ ಬರಲಿಲ್ಲ. ನಾನು ಒಂದು ದಿನದ ಟಪಾಲನ್ನು ನೆಲದ ಮೇಲೆ ಹರಡಿ ಫೋಟೊ ಕಳಿಸಿದಾಗ, "ನಿಮ್ಮ ಬೀದಿಯವರೇ ಅಧ್ಯಕ್ಷರನ್ನು ಆರಿಸಿ ನಮಗೊಂದು ಮಾತು ತಿಳಿಸಿಬಿಡಿ" ಎಂದು ಉತ್ತರ ಬರೆದ. ಅವನ ಸಿಟ್ಟು ಅವನದು, ನನ್ನದು ನನ್ನದು.

ನಾವಿರುವ ಎಕ್ಸ್‌ಟನ್ ಫಿಲಡೆಲ್ಫಿಯಾದ ಪಶ್ಚಿಮಕ್ಕಿರುವ ಚೆಸ್ಟರ್ ಕೌಂಟಿಯಲ್ಲಿದೆ. ಭಾರತೀಯ ಕುಟುಂಬಗಳು ಬಹಳವಿರುವ ಪ್ರದೇಶ. ಪೆನ್ಸಿಲ್ವೇನಿಯಾದ ಮತದಾರರ ಪೂರ್ಣ ಪಟ್ಟಿಯನ್ನು ಯಾರು ಬೇಕಾದರೂ 20 ಡಾಲರ್ ಕೊಟ್ಟು ಪಡೆಯಬಹುದೆಂದು ನನಗೆ ತಿಳಿದದ್ದು ಆಗ. ಹೆಸರು, ವಿಳಾಸ, ಹುಟ್ಟಿದ ದಿನಾಂಕ, ನೋಂದಾಯಿಸಿದ ಪಕ್ಷ, ಯಾವ ಯಾವ ಚುನಾವಣೆಯಲ್ಲಿ ಮತ ಹಾಕಿದ್ದಾರೆಂಬ ವಿವರ ಅದರಲ್ಲಿರುತ್ತವೆ. ಯಾರಿಗೆ ಹಾಕಿದರೆಂಬುದು ಮಾತ್ರ ಇರುವುದಿಲ್ಲ. ಹೊಸ ಪೌರ, ಪಕ್ಷವಿಲ್ಲದವನು, ಹಿಂದೆಂದೂ ಮತ ಹಾಕಿದ ದಾಖಲೆಯಿಲ್ಲದವನು, ಯಾವ ಪಕ್ಷದತ್ತಲಾದರೂ ವಾಲಬಹುದಾದ ಸ್ವಿಂಗ್ ಸ್ಟೇಟಿನ ನಿವಾಸಿ. ಮಾರುಕಟ್ಟೆಗೆ ಬಂದ ಮೊದಲ ಮಾವಿನ ಬುಟ್ಟಿಯ ಸುತ್ತ ವ್ಯಾಪಾರಿಗಳು ಸೇರುವಂತೆ ಎಲ್ಲರೂ ನನ್ನನ್ನು ಸುತ್ತುವರಿದರು. ಬೇಡದ ಕರೆಗಳನ್ನು ತಡೆಯಲೆಂದು ಸರ್ಕಾರವೇ ಇಟ್ಟಿರುವ ನೋಂದಣಿಯಲ್ಲಿ ನನ್ನ ಸಂಖ್ಯೆ ಹತ್ತು ವರ್ಷದಿಂದ ಇದೆ; ಆದರೆ ರಾಜಕೀಯ ಕರೆಗಳಿಗೆ ಆ ನಿಯಮ ಅನ್ವಯಿಸುವುದಿಲ್ಲ. ಫೋನಿಗೆ ಬರುವ ಸಂದೇಶಕ್ಕೆ 'ಸ್ಟಾಪ್' ಎಂದು ಉತ್ತರಿಸಿದರೆ ಆ ಸಂಖ್ಯೆಯಿಂದ ನಿಲ್ಲುತ್ತಿತ್ತು, ಹತ್ತು ನಿಮಿಷದಲ್ಲಿ ಇನ್ನೊಂದು ಸಂಖ್ಯೆಯಿಂದ ಅದೇ ಸಂದೇಶ ಬರುತ್ತಿತ್ತು. ದೀಪಾವಳಿಗೆ ಹಿಂದಿಯಲ್ಲಿ ಶುಭಾಶಯ ಬಂತು. ನನ್ನ ಕುಲನಾಮ ನೋಡಿ ಯಾವುದೋ ಕಂಪ್ಯೂಟರು ನನ್ನನ್ನು ತೆಲುಗರವನೆಂದು ತೀರ್ಮಾನಿಸಿತ್ತೆಂದು ಕಾಣುತ್ತದೆ, ತೆಲುಗಿನಲ್ಲೂ ಒಂದು ಬಂತು. ಕನ್ನಡದಲ್ಲಿ ಒಂದೂ ಬರಲಿಲ್ಲವೆಂಬುದನ್ನು ಇಲ್ಲಿ ದೂರಾಗಿ ಬರೆಯುತ್ತಿಲ್ಲ. ಅಷ್ಟರಮಟ್ಟಿಗೆ ಬಚಾವಾದೆ ಎಂದುಕೊಂಡೆ.

ಎಲ್ಲರೂ ನನ್ನ ಮತ ಕೇಳುತ್ತಿದ್ದಾರಲ್ಲ, ನಾನೂ ಒಂದು ಪ್ರಶ್ನೆ ಕೇಳುತ್ತೇನೆಂದು ಸೆಪ್ಟೆಂಬರ್ ಮೊದಲ ವಾರದಲ್ಲಿ ನಿರ್ಧರಿಸಿದೆ. ಲೆಕ್ಕದ ನೋಟ್‌ಬುಕ್ಕೊಂದರಲ್ಲಿ ಎರಡು ಕಾಲಮ್ ಎಳೆದು, ಮೊದಲನೆಯದಕ್ಕೆ 'ಬಂದವರು' ಎಂದೂ ಎರಡನೆಯದಕ್ಕೆ 'ಉತ್ತರ' ಎಂದೂ ತಲೆಬರಹ ಕೊಟ್ಟೆ.

ಪ್ರಶ್ನೆ ನನ್ನನ್ನು ಪರೀಕ್ಷೆಗೆ ತಯಾರು ಮಾಡಿದ ಆ ಹುಡುಗಿಯದು. ಅವಳ ತಂದೆ, ಅಂದರೆ ನನ್ನ ಗೆಳೆಯ, 2010ರಲ್ಲಿ ವಿದೇಶಿ ನೌಕರರಿಗೆ ಕೊಡುವ ತಾತ್ಕಾಲಿಕ ಎಚ್-1ಬಿ ವೀಸಾದ ಮೇಲೆ ಕುಟುಂಬ ಸಮೇತ ಬಂದವನು. ಅವನ ಗ್ರೀನ್ ಕಾರ್ಡಿನ ಸರದಿಯ ದಿನಾಂಕ 2014ರದ್ದು. ಉದ್ಯೋಗದ ಆಧಾರದ ಗ್ರೀನ್ ಕಾರ್ಡುಗಳಲ್ಲಿ ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ವರ್ಷಕ್ಕೆ ಶೇ. 7ರ ಮಿತಿಯಿದೆ, ಐಸ್‌ಲ್ಯಾಂಡಿಗೂ ಅಷ್ಟೇ, ಭಾರತಕ್ಕೂ ಅಷ್ಟೇ. ಹೀಗಾಗಿ 2024ರ ಅಕ್ಟೋಬರ್‌ನಲ್ಲಿ ಅವನ ವರ್ಗದ ಭಾರತೀಯರ ಪೈಕಿ 2012ರ ಜುಲೈ ಹೊತ್ತಿಗೆ ಸೇರಿದವರ ಸರದಿ ನಡೆಯುತ್ತಿತ್ತು. ಎರಡು ವರ್ಷದ ಅಂತರವಷ್ಟೇ ಎಂದು ಭಾವಿಸಬಾರದು, ಆ ಕ್ಯಾಲೆಂಡರ್ ಒಂದು ವರ್ಷ ಮುಂದೆ ಸರಿಯಲು ಹಲವು ವರ್ಷ ಹಿಡಿಯಬಹುದು. ತಂದೆಯ ವೀಸಾದ ನೆರಳಿನಲ್ಲಿರುವ ಮಕ್ಕಳು 21 ತುಂಬಿದ ದಿನ ಆ ನೆರಳಿನಿಂದ ಹೊರಬೀಳುತ್ತಾರೆ. ಆಮೇಲೆ ವಿದ್ಯಾರ್ಥಿ ವೀಸಾಕ್ಕೆ ಬದಲಾಯಿಸಿಕೊಳ್ಳಬೇಕು, ಇಲ್ಲವೇ ದೇಶ ಬಿಡಬೇಕು. ಹುಡುಗಿಗೆ ಡಿಸೆಂಬರ್‌ನಲ್ಲಿ 21 ತುಂಬಲಿತ್ತು. ಕಾನೂನುಬದ್ಧವಾಗಿ ಬಂದು, ತೆರಿಗೆ ಕಟ್ಟುತ್ತ, ಸರದಿಯಲ್ಲಿ ನಿಂತವರ ಮಕ್ಕಳ ವಿಷಯದಲ್ಲಿ ನಿಮ್ಮ ಅಭ್ಯರ್ಥಿ ಏನು ಮಾಡುತ್ತಾರೆ? ಇಷ್ಟೇ ನನ್ನ ಪ್ರಶ್ನೆ.

ಬಾಗಿಲಿಗೆ ಬಂದವರೆಲ್ಲ ಸಭ್ಯರೇ. ಅವರಲ್ಲಿ ಯಾರು ಯಾವ ಪಕ್ಷದವರೆಂದು ಇಲ್ಲಿ ಬರೆಯುವುದಿಲ್ಲ. ಮೊದಲು ಬಂದ ಹುಡುಗ ಬೇರೆ ರಾಜ್ಯದ ವಿದ್ಯಾರ್ಥಿ, ಗಂಟೆಯ ಲೆಕ್ಕದಲ್ಲಿ ಸಂಬಳಕ್ಕೆ ಬಂದವನು. ಬಾಗಿಲ ತೋರಣ ನೋಡಿ ಕೈಮುಗಿದು 'ನಮಸ್ತೆ' ಎಂದ. ಪ್ರಶ್ನೆಯನ್ನು ಗಮನವಿಟ್ಟು ಕೇಳಿ, ಫೋನಿನ ಆ್ಯಪ್‌ನಲ್ಲಿ ಬೆರಳಾಡಿಸಿ, ವಲಸೆಯೆಂಬ ವಿಷಯಕ್ಕೆ ತನಗೆ ಕೊಟ್ಟಿರುವ ಉತ್ತರ ಗಡಿಯದ್ದು ಮಾತ್ರವೆಂದು ಪ್ರಾಮಾಣಿಕವಾಗಿ ಒಪ್ಪಿಕೊಂಡ. ಇನ್ನೊಬ್ಬರು ನಿವೃತ್ತ ಶಿಕ್ಷಕರು, ನಮ್ಮದೇ ಕೌಂಟಿಯವರು, ಸೆಪ್ಟೆಂಬರ್‌ನ ಬಿಸಿಲಿನಲ್ಲಿ ಬೆವರುತ್ತಿದ್ದರು. ನೀರು ಕೊಟ್ಟೆ. ಅಕ್ರಮ ವಲಸೆ ನಿಂತರೆ ಸಕ್ರಮದವರಿಗೆ ತಾನಾಗಿಯೇ ದಾರಿಯಾಗುತ್ತದೆ ಎಂದರು. ಎರಡೂ ಬೇರೆ ಬೇರೆ ಸರದಿಗಳು, ಒಂದು ಕರಗಿದರೆ ಇನ್ನೊಂದು ಸರಿಯುವುದಿಲ್ಲವೆಂದು ನಾನು ವಿವರಿಸಿದಾಗ, "ಹೌದೇ? ನನಗೆ ಗೊತ್ತಿರಲಿಲ್ಲ" ಎಂದು ನಿಜವಾಗಿಯೂ ಬೇಸರಪಟ್ಟುಕೊಂಡು ಹೋದರು. ಮತ್ತೊಬ್ಬಾಕೆ ನಮ್ಮ ಪ್ರಶ್ನೆಯನ್ನು ಮೇಲಿನವರಿಗೆ ತಲುಪಿಸುವೆನೆಂದು ಬರೆದುಕೊಂಡಳು. ಮೂರು ದಿನಗಳ ನಂತರ ನನಗೆ ಬಂದದ್ದು ಗ್ಯಾಸ್ ಬಾವಿಗಳ ಬಗೆಗಿನ ಕರಪತ್ರ.

ಬರೆದು ಕೇಳಿದರಾದರೂ ಉತ್ತರ ಬಂದೀತೆಂದು ಒಂದು ಪ್ರಚಾರ ತಂಡದ ಜಾಲತಾಣದಲ್ಲಿ ಪ್ರಶ್ನೆಯನ್ನು ಎಚ್ಚರದಿಂದ, ನಾಲ್ಕು ಸಾಲಿನಲ್ಲಿ, ಬರೆದು ಕಳಿಸಿದೆ. ಒಂದೇ ನಿಮಿಷದಲ್ಲಿ ಉತ್ತರ ಬಂತು. ನನ್ನ ದನಿ ಅವರಿಗೆ ಮುಖ್ಯವೆಂದೂ, ಈ ಹೋರಾಟದಲ್ಲಿ ಕೈಜೋಡಿಸಲು 25 ಡಾಲರ್ ಕೊಡಬೇಕೆಂದೂ ಅದರಲ್ಲಿತ್ತು. ಅಂದಿನಿಂದ ನನ್ನ ಇಮೇಲಿನ ಗತಿಯೂ ಫೋನಿನಂತೆಯೇ ಆಯಿತು. ಮಧ್ಯರಾತ್ರಿಯೊಳಗೆ ಹಣ ಕೊಡದಿದ್ದರೆ ಎಲ್ಲವೂ ಮುಗಿಯಿತೆನ್ನುವ ಪತ್ರ ಪ್ರತಿದಿನ ಬರುತ್ತಿತ್ತು, ಪ್ರತಿದಿನ ಮಧ್ಯರಾತ್ರಿಯೂ ಆಗುತ್ತಿತ್ತು.

ಸೆಪ್ಟೆಂಬರ್ 10ರ ಚರ್ಚೆ ಫಿಲಡೆಲ್ಫಿಯಾದ ರಾಷ್ಟ್ರೀಯ ಸಂವಿಧಾನ ಕೇಂದ್ರದಲ್ಲಿ ನಡೆಯಿತು, ನಮ್ಮ ಮನೆಯಿಂದ ಒಂದು ಗಂಟೆಯೊಳಗಿನ ದಾರಿಯಲ್ಲಿ. ಗೆಳೆಯನ ಕುಟುಂಬವೂ ನಾವೂ ಒಟ್ಟಿಗೆ ಕುಳಿತು ನೋಡಿದೆವು. ಹೆಂಡತಿ ಮಂಡಕ್ಕಿ ಒಗ್ಗರಣೆ ಹಾಕಿ ಮಿರ್ಚಿ ಕರಿದಿದ್ದಳು. ನಾಲ್ಕು ವರ್ಷದ ಹಿಂದಿಗಿಂತ ಜನ ಈಗ ಚೆನ್ನಾಗಿದ್ದಾರೆಯೇ ಎಂಬ ಮೊಟ್ಟಮೊದಲ ಪ್ರಶ್ನೆಗೆ ಹ್ಯಾರಿಸ್ ಅವರು ಹೌದೆಂದಾಗಲಿ ಇಲ್ಲವೆಂದಾಗಲಿ ಹೇಳದೆ ತಾವು ಮಧ್ಯಮ ವರ್ಗದಲ್ಲಿ ಬೆಳೆದ ಕಥೆ ಹೇಳಿದರು. ಆರೋಗ್ಯ ವಿಮೆಯ ಬಗ್ಗೆ ನಿಮ್ಮ ಯೋಜನೆ ಇದೆಯೇ ಎಂದು ಕೇಳಿದಾಗ ಟ್ರಂಪ್ ಅವರು ಯೋಜನೆಯ ಪರಿಕಲ್ಪನೆಗಳು ಇವೆ ಎಂದರು. ವಲಸೆಯ ಮಾತು ಬಂದಾಗ ನಾವೆಲ್ಲ ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತೆವು. ಬಂದದ್ದು ಒಹಾಯೊದ ಸ್ಪ್ರಿಂಗ್‌ಫೀಲ್ಡಿನಲ್ಲಿ ವಲಸಿಗರು ಸಾಕಿದ ನಾಯಿಗಳನ್ನು ತಿನ್ನುತ್ತಾರೆಂಬ ಮಾತು. ಅಂಥ ನಂಬಲರ್ಹ ವರದಿಯೇ ಇಲ್ಲವೆಂದು ಆ ನಗರದ ಅಧಿಕಾರಿಗಳು ಹೇಳಿದ್ದರೆಂದು ನಿರೂಪಕರು ತಿಳಿಸಬೇಕಾಯಿತು. ಸರದಿಯಲ್ಲಿ ನಿಂತವರ ಬಗ್ಗೆ ಒಂದು ವಾಕ್ಯವೂ ಇಬ್ಬರಿಂದಲೂ ಹೊರಡಲಿಲ್ಲ. ಹುಡುಗಿ ಎದ್ದು ತಟ್ಟೆಗಳನ್ನು ತೊಳೆಯಲು ಹೋದಳು.

ಉತ್ತರ ಇರಲೇ ಇಲ್ಲವೇ ಎಂದರೆ, ಇತ್ತು. ನನ್ನನ್ನು ಹೆಚ್ಚು ಕೆರಳಿಸಿದ್ದು ಇದೇ. ರಾತ್ರಿಗಳಲ್ಲಿ ಕುಳಿತು ಹುಡುಕಿದಾಗ ಎರಡು ಸಂಗತಿ ಸಿಕ್ಕವು. ಜೂನ್‌ನಲ್ಲಿ ಒಂದು ಪಾಡ್‌ಕಾಸ್ಟ್‌ನಲ್ಲಿ ಟ್ರಂಪ್ ಅವರು, ಇಲ್ಲಿಯ ಕಾಲೇಜಿನಲ್ಲಿ ಪದವಿ ಪಡೆದ ವಿದೇಶಿಯರಿಗೆ ಪದವಿಯ ಜೊತೆಗೇ ಗ್ರೀನ್ ಕಾರ್ಡ್ ಸಿಗಬೇಕೆಂದು ಹೇಳಿದ್ದರು. ಬೆನ್ನಿಗೇ ಅವರ ಪ್ರಚಾರ ತಂಡ, ಅದು ಕಟ್ಟುನಿಟ್ಟಿನ ತಪಾಸಣೆಯಲ್ಲಿ ಪಾಸಾದ ಅತ್ಯಂತ ಕುಶಲರಿಗೆ ಮಾತ್ರ ಎಂದು ಮಾತನ್ನು ಕಿರಿದುಗೊಳಿಸಿತು. ಇನ್ನೊಂದು ಕಡೆ, ಫೆಬ್ರವರಿಯಲ್ಲಿ ಸೆನೆಟ್ ಮುಂದೆ ಬಂದು ಬಿದ್ದುಹೋದ 370 ಪುಟಗಳ ಗಡಿ ಮಸೂದೆಯೊಳಗೆ, ಎಚ್-1ಬಿ ನೌಕರರ ಮಕ್ಕಳು 21 ತುಂಬಿದರೂ ಹೊರಬೀಳದಂತೆ ಕಾಯುವ ಒಂದು ಭಾಗವಿತ್ತು. ಅದೇ ಮಸೂದೆಯನ್ನು ಮತ್ತೆ ತಂದು ಸಹಿ ಹಾಕುತ್ತೇನೆಂದು ಹ್ಯಾರಿಸ್ ಅವರು ಸಭೆ ಸಭೆಗಳಲ್ಲಿ ಹೇಳುತ್ತಿದ್ದರು. ಆದರೆ ನಾನು ಕೇಳಿದ ಯಾವ ಭಾಷಣದಲ್ಲೂ ಅದರ ಗಡಿಯ ಬಿಗಿಯ ಬಗ್ಗೆ ಮಾತಿತ್ತೇ ಹೊರತು ಈ ಮಕ್ಕಳ ಪುಟಗಳ ಬಗ್ಗೆ ಇರಲಿಲ್ಲ. ಟ್ರಂಪ್ ಅವರು ಆ ಮಸೂದೆಯನ್ನೇ ವಿರೋಧಿಸಿದ್ದರು. ಅಂದರೆ ಒಬ್ಬರು ಹೇಳಿದ್ದನ್ನು ಹಿಂದಕ್ಕೆಳೆದುಕೊಂಡಿದ್ದರು, ಇನ್ನೊಬ್ಬರು ಕಾಗದದಲ್ಲಿದ್ದದ್ದನ್ನು ಹೇಳುತ್ತಿರಲಿಲ್ಲ. ನಮ್ಮ ಮನೆಗೆ ದಿನಕ್ಕೆ ಐದಾರು ಬಣ್ಣದ ಕಾಗದ ಮುದ್ರಿಸಿ ಕಳಿಸುವ ಹಣವಿದ್ದವರಿಗೆ ಇದನ್ನು ಒಂದು ಸಾಲಿನಲ್ಲಿ ಮುದ್ರಿಸಲು ಜಾಗವಿರಲಿಲ್ಲ. ಹೇಳಿದರೆ ಬೇರೆ ಯಾರೋ ನಾಲ್ಕು ಮಂದಿ ಕೈಬಿಟ್ಟಾರೆಂಬ ಲೆಕ್ಕಾಚಾರ ಇದ್ದಿರಬೇಕು; ಗೆಳೆಯನ ಕುಟುಂಬದವರಿಗಂತೂ ಮತವೇ ಇಲ್ಲ.

ಹೆಂಡತಿ ನನಗಿಂತ ಜಾಣೆ. ಅವಳು ಅಂಚೆಯ ಮತಪತ್ರ ತರಿಸಿಕೊಂಡಳು. 2019ರ ಕಾನೂನಿನ ನಂತರ ಪೆನ್ಸಿಲ್ವೇನಿಯಾದಲ್ಲಿ ಅದಕ್ಕೆ ಕಾರಣ ಕೊಡಬೇಕಿಲ್ಲ. ಗುರುತು ಹಾಕಿದ ಮತಪತ್ರವನ್ನು ಮೊದಲು ಗೋಪ್ಯತೆಯ ಒಳಲಕೋಟೆಯಲ್ಲಿಡಬೇಕು, ಅದನ್ನು ಹೊರಲಕೋಟೆಯಲ್ಲಿಟ್ಟು ಸಹಿ ಮಾಡಿ ದಿನಾಂಕ ಬರೆಯಬೇಕು. ಒಳಲಕೋಟೆ ಮರೆತರೆ ಮತ ಎಣಿಕೆಗೆ ಬರುವುದಿಲ್ಲ, ದಿನಾಂಕ ಮರೆತ ಮತಗಳ ಬಗ್ಗೆ ಆಗ ವರ್ಷಗಳಿಂದ ಮೊಕದ್ದಮೆಗಳು ನಡೆಯುತ್ತಿದ್ದವು. ನಮ್ಮ ಕನ್ನಡ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಈ ಎರಡು ಲಕೋಟೆಗಳ ಬಗ್ಗೆ ನಡೆದಷ್ಟು ಚರ್ಚೆ ಅಭ್ಯರ್ಥಿಗಳ ನೀತಿಯ ಬಗ್ಗೆ ನಡೆಯಲಿಲ್ಲ. ಅವಳು ಲಕೋಟೆಯನ್ನು ಪೆಟ್ಟಿಗೆಗೆ ಹಾಕಿಬಂದ ಒಂದು ವಾರದೊಳಗೆ ಅವಳ ಹೆಸರಿನ ಟಪಾಲು ಇಳಿದುಹೋಯಿತು. ಯಾರ ಅಂಚೆಮತ ಕಚೇರಿಗೆ ತಲುಪಿತೆಂಬ ಪಟ್ಟಿ ಪಕ್ಷಗಳಿಗೆ ಆಗಾಗ ಸಿಗುತ್ತದೆ. ಕೊಂಡಾದ ಮೇಲೆ ಗಿರಾಕಿಯ ಹಿಂದೆ ಯಾರು ಓಡುತ್ತಾರೆ? ಮತಗಟ್ಟೆಗೇ ಹೋಗಿ ಹಾಕಬೇಕೆಂಬ ಹಟ ಹಿಡಿದಿದ್ದ ನನ್ನ ಪಾಲಿನದ್ದು ಮಾತ್ರ ಇಮ್ಮಡಿಯಾಯಿತು. ಅಕ್ಟೋಬರ್‌ನ ಕೊನೆಯ ವಾರದಲ್ಲಿ, ನೆರೆಹೊರೆಯವರಿಗೆ ಹೋಲಿಸಿದರೆ ನನ್ನ ಮತದಾನದ ದಾಖಲೆ ಕಳಪೆಯೆಂದು ಅಂಕಪಟ್ಟಿಯಂತೆ ಮುದ್ರಿಸಿದ ಕಾಗದವೊಂದು ಬಂತು. ಪೌರನಾಗಿ ಹತ್ತು ತಿಂಗಳಾಗಿದ್ದವನಿಗೆ 2020ರಲ್ಲಿ ಏಕೆ ಮತ ಹಾಕಲಿಲ್ಲವೆಂದು ಕೇಳಿದ್ದರು.

ಆ ರಾಶಿಯಲ್ಲಿ ಒಂದನ್ನು ಮಾತ್ರ ಎತ್ತಿಟ್ಟುಕೊಂಡಿದ್ದೇನೆ. ಕ್ಯಾಲಿಫೋರ್ನಿಯಾದಿಂದ ಬಂದ ಒಂದು ಪೋಸ್ಟ್‌ಕಾರ್ಡು, ನಡುಗುವ ಕೈಯ ಅಕ್ಷರ, ಹೆಸರಿನ ಜಾಗದಲ್ಲಿ ಮೊದಲ ಹೆಸರು ಮಾತ್ರ. ಯಾರಿಗಾದರೂ ಸರಿ, ದಯವಿಟ್ಟು ಮತ ಹಾಕಿ, ನನ್ನ ರಾಜ್ಯದಲ್ಲಿ ಫಲಿತಾಂಶ ಮೊದಲೇ ಗೊತ್ತಿದೆ, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ ಎಂದಿತ್ತು. ನೋಟ್‌ಬುಕ್ಕಿನ ಎರಡನೆಯ ಕಾಲಮಿನಲ್ಲಿ ಅದರ ಮುಂದೆ 'ಕೇಳಲಾಗಲಿಲ್ಲ, ವಿಳಾಸವಿಲ್ಲ' ಎಂದು ಬರೆದೆ.

ಚುನಾವಣೆಗೆ ಹತ್ತು ದಿನವಿದ್ದ ಶನಿವಾರ ಮಧ್ಯಾಹ್ನ ಮತ್ತೆ ಕರೆಗಂಟೆ ಬಾರಿಸಿತು. ನಾನು ನೋಟ್‌ಬುಕ್ ಹಿಡಿದೇ ಬಾಗಿಲು ತೆರೆದೆ. ಎದುರಿಗೆ ನಿಂತಿದ್ದವಳು ಗೆಳೆಯನ ಮಗಳು. ಕೊರಳಲ್ಲಿ ಗುರುತಿನ ಬಿಲ್ಲೆ, ಕೈಯಲ್ಲಿ ಕರಪತ್ರದ ಕಟ್ಟು, ಫೋನಿನಲ್ಲಿ ಅದೇ ಆ್ಯಪ್. ಪೌರತ್ವವೂ ಗ್ರೀನ್ ಕಾರ್ಡೂ ಇಲ್ಲದವರು ಚುನಾವಣೆಗೆ ಹಣ ಕೊಡುವಂತಿಲ್ಲ, ಆದರೆ ಸಂಬಳವಿಲ್ಲದೆ ಸ್ವಯಂಸೇವೆ ಮಾಡಬಹುದು. ಕಾಲೇಜಿನ ಗೆಳತಿಯರೊಂದಿಗೆ ಅವಳೂ ಸೇರಿಕೊಂಡಿದ್ದಳು. ಅವತ್ತಿನ ಬೀದಿಗಳ ಪಟ್ಟಿಯಲ್ಲಿ ನಮ್ಮ ಬೀದಿ ಬಂದಿತ್ತು, ನಮ್ಮ ಮನೆಯ ಮುಂದೆ ನನ್ನ ಹೆಸರು, ವಯಸ್ಸು, 'ಪಕ್ಷವಿಲ್ಲ' ಎಂಬ ಷರಾ. ಅವಳಿಗೂ ನಗು, ನನಗೂ ನಗು. "ಅಂಕಲ್, ಪೂರ್ತಿ ಓದಬೇಕು, ಇಲ್ಲದಿದ್ದರೆ ಮುಂದಿನ ಮನೆಗೆ ಹೋಗಲು ಬಿಡುವುದಿಲ್ಲ" ಎಂದು ಅವಳು ಆ್ಯಪ್‌ನಲ್ಲಿದ್ದ ಮಾತುಗಳನ್ನು ಒಂದೂ ಬಿಡದೆ ಓದಿದಳು. ಕೊನೆಯ ಪ್ರಶ್ನೆ, ಈ ಚುನಾವಣೆಯಲ್ಲಿ ನಿಮಗೆ ಅತ್ಯಂತ ಮುಖ್ಯವಾದ ವಿಷಯ ಯಾವುದು ಎಂಬುದಾಗಿತ್ತು. ಉತ್ತರಕ್ಕೆ ಏಳೆಂಟು ಆಯ್ಕೆಗಳಿದ್ದವು. ಬೆಲೆಯೇರಿಕೆ, ಗರ್ಭಪಾತ, ಗಡಿ, ಬಂದೂಕು, ಹವಾಮಾನ, ಇನ್ನೇನೇನೋ. ನಾನು ಮಾತಾಡಲಿಲ್ಲ. ಅವಳು ಒಂದು ಕ್ಷಣ ಪರದೆ ನೋಡಿ, 'ಇತರೆ' ಎಂಬುದನ್ನು ತಾನೇ ಒತ್ತಿ, ನೀರು ಕುಡಿದು ಮುಂದಿನ ಮನೆಗೆ ಹೋದಳು. ಅವಳು ಯಾವ ಪಕ್ಷದ ಪರವಾಗಿ ಬಂದಿದ್ದಳೆಂದು ಅವಳ ತಂದೆಗೂ ನಾನು ಹೇಳಿಲ್ಲ. ನೋಟ್‌ಬುಕ್ಕಿನಲ್ಲಿ ಆ ದಿನದ ಸಾಲು ಬರೆಯಲಾಗಲಿಲ್ಲ.

ನವೆಂಬರ್ 5, ಮಂಗಳವಾರ. ನವೆಂಬರ್‌ನ ಮೊದಲ ಸೋಮವಾರದ ಮರುದಿನ ಮತದಾನವೆಂದು 1845ರಲ್ಲಿ ಮಾಡಿದ ಕಾನೂನು ಇಂದಿಗೂ ಹಾಗೆಯೇ ಇದೆ, ಆಫೀಸಿಗೆ ರಜೆಯಿರಲಿಲ್ಲ. ಬೆಳಿಗ್ಗೆ ಏಳಕ್ಕೆ ಮತಗಟ್ಟೆ ತೆರೆಯುವ ಮೊದಲೇ ಚಳಿಯಲ್ಲಿ ಐವತ್ತು ಅರವತ್ತು ಜನ ನಿಂತಿದ್ದರು. ಭಾರತದಲ್ಲಿ ಮತದಾನ ಮುಗಿಯುವ ಹೊತ್ತಿಗೆ 48 ಗಂಟೆ ಮೊದಲೇ ಬಹಿರಂಗ ಪ್ರಚಾರ ನಿಲ್ಲುತ್ತದೆ. ಇಲ್ಲಿ ಸರದಿಯಲ್ಲಿ ನಿಂತಿದ್ದಾಗಲೇ ನನ್ನ ಕಿಸೆಯಲ್ಲಿ ಫೋನು ನಾಲ್ಕು ಸಲ ನಡುಗಿತು. ಆ ಮತಗಟ್ಟೆಯಲ್ಲಿ ಮೊದಲ ಸಲವಾದ್ದರಿಂದ ನನ್ನ ಗುರುತಿನ ಚೀಟಿ ಕೇಳಿದರು. ಮೇಜಿನ ಹಿಂದಿದ್ದ ಅಜ್ಜಿ ಅದನ್ನು ನೋಡಿ, "ಮೊದಲ ಮತವೇ?" ಎಂದು ಗಟ್ಟಿಯಾಗಿ ಕೇಳಿದ್ದರಿಂದ ಅಕ್ಕಪಕ್ಕದ ನಾಲ್ಕು ಜನ ಚಪ್ಪಾಳೆ ತಟ್ಟಿದರು. ಆ ಹನ್ನೊಂದು ತಿಂಗಳಲ್ಲಿ ನನ್ನಿಂದ ಏನನ್ನೂ ಬಯಸದೆ ನನ್ನೊಡನೆ ನಡೆದುಕೊಂಡ ಚುನಾವಣೆಯ ಜನ ಅವರೇ.

ನಮ್ಮ ಕೌಂಟಿಯಲ್ಲಿ ಕಾಗದದ ಮತಪತ್ರ. ಅಂಡಾಕಾರದ ಗುರುತನ್ನು ಪೆನ್ನಿನಿಂದ ತುಂಬಿ ಸ್ಕ್ಯಾನರಿಗೆ ಹಾಕಬೇಕು. ಅಧ್ಯಕ್ಷ ಸ್ಥಾನಕ್ಕೆ ನಾಲ್ಕು ಜೋಡಿ ಹೆಸರುಗಳಿದ್ದವು, ಕೆಳಗೆ ಬೇರೆ ಹೆಸರು ಬರೆಯಲು ಒಂದು ಖಾಲಿ ಗೆರೆ. 2013ರಿಂದ ಭಾರತದ ಮತಯಂತ್ರದಲ್ಲಿರುವ ನೋಟಾ ಇಲ್ಲಿಲ್ಲ. ಆ ಖಾಲಿ ಗೆರೆಯ ಮೇಲೆ ಪೆನ್ನು ಹಿಡಿದು ಎಷ್ಟು ಹೊತ್ತು ನಿಂತೆನೋ ತಿಳಿಯದು. ಹುಡುಗಿಯ ಹೆಸರು ಬರೆಯಬೇಕೆಂಬ ಹುಚ್ಚು ಯೋಚನೆಯೂ ಬಂತು. 35 ವರ್ಷ ತುಂಬಿರಬೇಕು, ಹುಟ್ಟಿನಿಂದ ಪೌರಳಾಗಿರಬೇಕು ಎಂದು ನನಗೆ ಕಲಿಸಿದವಳೂ ಅವಳೇ ಎಂಬುದು ನೆನಪಾಗಿ ಕೈ ಹಿಂತೆಗೆದೆ. ಕೊನೆಗೆ ನಾಲ್ಕರಲ್ಲಿ ಒಂದನ್ನು ತುಂಬಿದೆ. ಯಾವುದನ್ನೆಂದು ಬರೆಯುವ ಅಗತ್ಯ ಕಾಣುವುದಿಲ್ಲ. ಸಂತೋಷದಿಂದ ತುಂಬಲಿಲ್ಲ ಎಂದಷ್ಟೇ ಹೇಳಬಲ್ಲೆ. ಹೊರಗೆ ಬರುವಾಗ ಅಂಗಿಗೆ ಅಂಟಿಸಿಕೊಳ್ಳುವ ಚೀಟಿ ಕೊಟ್ಟರು. ಬಳ್ಳಾರಿಯಲ್ಲಿ ಬೆರಳಿಗೆ ಹಚ್ಚಿದ್ದ ಮೈಸೂರಿನ ಶಾಯಿ ಉಗುರು ಬೆಳೆದು ಹೋಗುವವರೆಗೂ ಇತ್ತು. ಈ ಚೀಟಿ ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲೋ ಬಿದ್ದುಹೋಯಿತು.

ಟ್ರಂಪ್ ಅವರು ನಮ್ಮ ರಾಜ್ಯವನ್ನು ಸುಮಾರು 1 ಲಕ್ಷ 20 ಸಾವಿರ ಮತಗಳಿಂದ ಗೆದ್ದರು, ಒಟ್ಟು 312 ಎಲೆಕ್ಟೋರಲ್ ಮತ ಪಡೆದರು. ನವೆಂಬರ್ 6ರಂದು ನನ್ನ ಫೋನು ಇಡೀ ದಿನ ಸುಮ್ಮನಿತ್ತು. ಮರುದಿನದಿಂದ ಸೆನೆಟ್ ಸ್ಥಾನದ ಮರುಎಣಿಕೆಯ ಹೆಸರಿನಲ್ಲಿ ಹಣ ಕೇಳುವ ಸಂದೇಶಗಳು ಎರಡು ವಾರ ಬಂದು, ಆಮೇಲೆ ಅವೂ ನಿಂತವು. ಕರಪತ್ರಗಳ ಪೆಟ್ಟಿಗೆಯನ್ನು ಮರುಬಳಕೆಯ ಗಾಡಿಗೆ ಹಾಕುವ ಮುನ್ನ ಸ್ನಾನದ ಮನೆಯ ತೂಕದ ಯಂತ್ರದ ಮೇಲಿಟ್ಟೆ; ಹದಿನಾಲ್ಕು ಪೌಂಡ್ ತೂಗಿತು.

ಥ್ಯಾಂಕ್ಸ್‌ಗಿವಿಂಗ್ ರಜೆಯ ಭಾನುವಾರ ಗೆಳೆಯನ ಮನೆಗೆ ಹೋದಾಗ ಹುಡುಗಿ ಊಟದ ಮೇಜಿನ ಮೇಲೆ ವಿದ್ಯಾರ್ಥಿ ವೀಸಾಕ್ಕೆ ಬದಲಾಯಿಸಿಕೊಳ್ಳುವ ಕಾಗದಗಳನ್ನು ಹರಡಿಕೊಂಡಿದ್ದಳು. 21 ತುಂಬುವುದರೊಳಗೆ ಅರ್ಜಿ ಹೋಗಬೇಕಿತ್ತು. ಓದು ಮುಗಿದ ಮೇಲೆ ಈ ದೇಶ ಬಿಟ್ಟು ತಾಯ್ನಾಡಿಗೆ ಹಿಂತಿರುಗುವ ಉದ್ದೇಶ ತನಗಿದೆಯೆಂದು ಆ ವೀಸಾ ಕೇಳುವವರು ತೋರಿಸಬೇಕು. ಅದಕ್ಕೆಂದು ಒಂದು ಪತ್ರ ಬರೆಯುತ್ತಿದ್ದಳು. ನನ್ನ ಪರೀಕ್ಷೆಗೆ ಅವಳು ಕುಳಿತಿದ್ದಂತೆ ಅವಳ ಪಕ್ಕದಲ್ಲಿ ಈಗ ನಾನು ಕುಳಿತೆ. ಹಿಂತಿರುಗಿದ ಮೇಲೆ ವಾಸಿಸುವ ವಿಳಾಸವೆಂದು ದಾವಣಗೆರೆಯ ಅಜ್ಜಿಯ ಮನೆಯ ವಿಳಾಸ ಬರೆದು, ಕೊನೆಯ ಸಾಲಿಗೆ ಬಂದಾಗ ನಿಲ್ಲಿಸಿದಳು.

"ಅಪ್ಪಾ, ಅಜ್ಜಿ ಮನೆ ಪಿನ್ ಕೋಡ್ ಏನು?" ಎಂದು ಕೂಗಿ ಕೇಳಿದಳು. ಗೆಳೆಯನಿಗೂ ತಕ್ಷಣ ನೆನಪಾಗಲಿಲ್ಲ. ಒಳಗೆ ಹೋಗಿ, ತಾಯಿಗೆ ಫೋನ್ ಮಾಡಿ ಕೇಳಿಕೊಂಡು ಬಂದ.